ಎಚ್ಚರಿಕೆಯ ದೀಪವಿಲ್ಲದ ಎಣ್ಣೆ

ಕೋಲಾರದ ಮಾರುಕಟ್ಟೆಯಿಂದ ಟೊಮೆಟೊ ಹೊತ್ತು ಹೊರಡುವ ಪಿಕಪ್ ವಾಹನದ ಹಿಂಬದಿಗೆ ಬಗ್ಗಿ ನೋಡಿದರೆ, ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಲೋಹದ ಗೂಡೊಂದು ಕಾಣುತ್ತದೆ. ಚಾಲಕರ ಬಾಯಲ್ಲಿ ಅದು ‘ಹೌಸಿಂಗ್’; ಅದರೊಳಗಿರುವುದು ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಬೇಕು. ಚಕ್ರಗಳ ನಡುವಣ ಅಂತರ 1.4 ಮೀಟರ್ ಎಂದಿಟ್ಟುಕೊಂಡರೆ, ಒಂದು ಪೂರ್ಣ ಸುತ್ತಿಗೆ ಈ ವ್ಯತ್ಯಾಸ ಸುಮಾರು 8.8 ಮೀಟರ್, ಸುತ್ತು ಕಿರಿದಾದರೂ ಹಿರಿದಾದರೂ ಅಷ್ಟೇ. ಎರಡು ಚಕ್ರಗಳೂ ತಮತಮಗೆ ಬೇಕಾದ ವೇಗದಲ್ಲಿ ತಿರುಗಲು ಡಿಫರೆನ್ಷಿಯಲ್ ಅವಕಾಶ ಕೊಡುತ್ತದೆ.

ಈ ಗೂಡಿನೊಳಗಿನ ಎಣ್ಣೆಯ ಕೆಲಸ ಕಠಿಣವಾಗುವುದು, ಎಂಜಿನ್ ಕಡೆಯಿಂದ ತಿರುಗುವ ಚಿಕ್ಕ ಹಲ್ಲುಚಕ್ರವಾದ ಪಿನಿಯನ್ ಮತ್ತು ಅದು ತಿರುಗಿಸುವ ದೊಡ್ಡ ಹಲ್ಲುಚಕ್ರವಾದ ಕ್ರೌನ್ ಕೂಡುವಲ್ಲಿ. ಅಮೆರಿಕದ ಗ್ಲೀಸನ್ ಕಂಪನಿ 1920ರ ದಶಕದಲ್ಲಿ ರೂಪಿಸಿದ ಹೈಪಾಯ್ಡ್ ವಿನ್ಯಾಸದಲ್ಲಿ ಪಿನಿಯನ್ನಿನ ಅಕ್ಷವು ಕ್ರೌನಿನ ನಡುಮಧ್ಯಕ್ಕೆ ಬರದೆ, ಸಾಮಾನ್ಯವಾಗಿ ತುಸು ಕೆಳಗೆ ಸರಿದಿರುತ್ತದೆ. ಇದರಿಂದ ಹಲ್ಲುಗಳು ಬಲಿಷ್ಠವಾದವು, ಸದ್ದು ಕಡಿಮೆಯಾಯಿತು. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉದ್ದಕ್ಕೂ ಜಾರತೊಡಗಿದವು. ಭಾರ ಹೊತ್ತು ಘಾಟಿ ಹತ್ತುವಾಗ ಆ ಒತ್ತಡಕ್ಕೆ ಸಾಧಾರಣ ಎಣ್ಣೆಯ ಪದರ ಹರಿದುಹೋಗಿ, ಉಕ್ಕಿಗೆ ಉಕ್ಕು ತಾಗುತ್ತದೆ. ಆದ್ದರಿಂದಲೇ ಈ ಎಣ್ಣೆಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಹಲ್ಲು ಕಾದ ಜಾಗದಲ್ಲಿ ಅವು ಕಬ್ಬಿಣದೊಡನೆ ವರ್ತಿಸಿ ತೆಳುವಾದ ಪೊರೆಯೊಂದನ್ನು ಕಟ್ಟುತ್ತವೆ. ಸವೆಯುವುದು ಹಲ್ಲಲ್ಲ, ಆ ಪೊರೆ. ಗಿಯರ್ ಆಯಿಲ್ ಡಬ್ಬಿ ತೆರೆದೊಡನೆ ಮೂಗಿಗೆ ಬಡಿಯುವ ಕಟು ವಾಸನೆ ಈ ಗಂಧಕದ್ದೇ.

ಡಬ್ಬಿಯ ಮೇಲಿನ ‘ಜಿಎಲ್-5’ ಎಂಬ ಗುರುತು ಇಂಥ ಹೈಪಾಯ್ಡ್ ಗಿಯರ್‌ಗಳಿಗೆ ತಕ್ಕ ಎಣ್ಣೆಯನ್ನು ಸೂಚಿಸುತ್ತದೆ. ಉಳಿದದ್ದನ್ನು ಗೇರ್‌ಬಾಕ್ಸಿಗೆ ಸುರಿಯುವ ಮಿತವ್ಯಯ ಬೇಡ. ಕೆಲವು ಗೇರ್‌ಬಾಕ್ಸ್‌ಗಳ ಹಿತ್ತಾಳೆಯ ಬಿಡಿಭಾಗಗಳಿಗೆ ಅದು ಒಗ್ಗುವುದಿಲ್ಲ. ಎಣ್ಣೆಯ ದಪ್ಪ ಹೇಳುವ ‘80ಡಬ್ಲ್ಯೂ-90’ ಎಂಬ ಗುರುತಿನಲ್ಲಿನ 90 ಎಂಬ ಅಂಕಿ ನೋಡಿ, ಇದು 40ರ ಎಂಜಿನ್ ಆಯಿಲ್‌ಗಿಂತ ಎರಡು ಪಟ್ಟು ದಪ್ಪವೆಂದು ಭಾವಿಸುವುದೂ ತಪ್ಪು: ಎರಡರ ಅಳತೆಗೋಲುಗಳೇ ಬೇರೆ.

ಎಂಜಿನ್ ಆಯಿಲ್ ಕಡಿಮೆಯಾಗುವುದನ್ನು ಕಡ್ಡಿ ಹಾಕಿ ನೋಡಬಹುದು, ಒತ್ತಡ ಕುಸಿದರೆ ದೀಪ ಹೊತ್ತಿಕೊಳ್ಳುತ್ತದೆ. ಹೌಸಿಂಗಿಗೆ ಸಾಮಾನ್ಯವಾಗಿ ಕಡ್ಡಿಯೂ ಇಲ್ಲ, ದೀಪವೂ ಇಲ್ಲ. ಈ ಎಣ್ಣೆ ಉರಿದು ಖರ್ಚಾಗುವಂಥದ್ದೂ ಅಲ್ಲ. ಹಾಗಾಗಿ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆಯೆಂದೇ ಅರ್ಥ. ಚಕ್ರದ ಬಳಿ ಎಣ್ಣೆ ಸೋರದಂತೆ ತಡೆಯುವ ಬಳೆ, ಅಂದರೆ ಆಯಿಲ್ ಸೀಲ್, ಸೋತಿದ್ದರೆ ಎಣ್ಣೆ ಬ್ರೇಕ್ ಲೈನರಿಗೂ ತಲುಪಬಹುದು, ಅದು ಹೌಸಿಂಗಿಗಿಂತ ದೊಡ್ಡ ಅಪಾಯ.

ಪರೀಕ್ಷಿಸಲು ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪಕ್ಕದ ತುಂಬುವ ಪ್ಲಗ್ಗನ್ನು ಬಿಚ್ಚಿ ಬೆರಳು ಹಾಕಿ ನೋಡಬೇಕು. ಬಹುತೇಕ ವಾಹನಗಳಲ್ಲಿ ಎಣ್ಣೆ ರಂಧ್ರದ ಕೆಳ ಅಂಚಿಗೆ ಬಂದಿದ್ದರೆ ಸಾಕು. ಅದಕ್ಕೂ ಮೇಲೆ ತುರುಕಿದರೆ ನೊರೆಯೆದ್ದು ಸೀಲುಗಳ ಮೂಲಕ ಹೊರಬರುತ್ತದೆ. ಎಣ್ಣೆ ಬದಲಿಸುವಾಗಲೂ ಮೊದಲು ತುಂಬುವ ಪ್ಲಗ್ಗನ್ನೇ ಬಿಚ್ಚಬೇಕು. ಕೆಳಗಿನದನ್ನು ತೆಗೆದು ಎಲ್ಲ ಸುರಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಅಲುಗದಿದ್ದರೆ, ವಾಹನ ನಿಂತಲ್ಲೇ ನಿಲ್ಲಬೇಕಾಗುತ್ತದೆ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂಬುದಕ್ಕೆ ತಯಾರಕರ ಕೈಪಿಡಿಯೇ ಆಧಾರ. ಭಾರ ಹೊರುವ ವಾಹನಕ್ಕೆ ಅವಧಿ ಇನ್ನೂ ಕಿರಿದು.

ಮಲೆನಾಡಿನ ಮಳೆಗಾಲದಲ್ಲಿ ಹಳ್ಳ ದಾಟಿದ ವಾಹನಗಳಿಗೆ ಅವಧಿ ಕಾಯುವಂತಿಲ್ಲ. ಕಾದ ಹೌಸಿಂಗ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಎಂಬ ಉಸಿರುಗಂಡಿ ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಸಂದಿಯಿಂದಲೂ, ತೆರೆದಿದ್ದು ನೀರಿನೊಳಗೆ ಮುಳುಗಿದರೆ ಅದರಿಂದಲೇ ನೀರು ಒಳಸೇರುತ್ತದೆ. ನೀರು ಬೆರೆತ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅದನ್ನು ತಡಮಾಡದೆ ಬದಲಿಸಬೇಕು. ಕೆಳಗಿನ ಪ್ಲಗ್ಗಿನಲ್ಲಿ ಅಯಸ್ಕಾಂತವಿದ್ದರೆ ಅದಕ್ಕಂಟಿದ ನುಣ್ಣನೆಯ ಬೂದು ಕೆಸರು ಸಹಜ ಸವೆತದ್ದು. ಬೆರಳಿಗೆ ಚೂರು ತಗುಲಿದರೆ ಮಾತ್ರ ಹೊಸ ಎಣ್ಣೆ ಸುರಿದು ಮುಚ್ಚುವಂತಿಲ್ಲ, ಹೌಸಿಂಗನ್ನೇ ಬಿಚ್ಚಬೇಕು.