ಪ್ರಿಂಟ್ ಹಾಕಿದ್ರೆ ರೀಸೆಟ್ ಆಗೋ ಕರ್ನಲ್

ಒಂದು ಸಲ ಹೀಗಾಯ್ತು. ನಮ್ಮ ಪುಟ್ಟ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬೂಟ್ ಕೋಡಲ್ಲಿ, ಪೇಜ್ ಟೇಬಲ್ (ಯಾವ ವಿಳಾಸ ಮೆಮೊರಿಯ ಯಾವ ಜಾಗಕ್ಕೆ ಅನ್ನೋ ಪಟ್ಟಿ) ಬದಲಾಯಿಸೋ ಫಂಕ್ಷನ್ ಒಳಗೆ, ಒಂದು ನಂಬರ್ ಪ್ರಿಂಟ್ ಮಾಡಿ ನೋಡೋಣ ಅಂತ ನಾಲ್ಕು ಸಾಲು ಸೇರಿಸಿದೆ, ಅಷ್ಟೇ, ಮಷೀನ್ ರೀಸೆಟ್ ಮೇಲೆ ರೀಸೆಟ್. ಪ್ರಿಂಟ್ ತೆಗೆದ್ರೆ ಆರಾಮಾಗಿ ಬೂಟ್ ಆಗುತ್ತೆ. ಕ್ಯೂಎಮು ಅನ್ನೋ ಎಮ್ಯುಲೇಟರಲ್ಲಿ ಇಂಟರಪ್ಟ್ ಲಾಗ್ ಆನ್ ಮಾಡಿ, ರೀಬೂಟ್ ಆಫ್ ಮಾಡಿ ನೋಡಿದ್ರೆ ಪೇಜ್ ಫಾಲ್ಟ್ (ಮ್ಯಾಪ್ ಆಗದ ವಿಳಾಸ ಮುಟ್ಟಿದ್ರೆ ಬರೋದು), ಆಮೇಲೆ ಡಬಲ್, ಆಮೇಲೆ ಮಷೀನನ್ನೇ ರೀಸೆಟ್ ಮಾಡೋ ಟ್ರಿಪಲ್ ಫಾಲ್ಟ್, ಮತ್ತೆ ಫಾಲ್ಟ್ ಆದ ವಿಳಾಸ ಇಟ್ಕೊಳ್ಳೋ ಸಿಆರ್2 ರಿಜಿಸ್ಟರಲ್ಲಿ ಹೆಕ್ಸ್ 28. ಅಂದ್ರೆ ವಿಳಾಸ 40. ಇಷ್ಟು ಚಿಕ್ಕ ವಿಳಾಸ ಅಂದ್ರೆ ಯಾವುದೋ ಸ್ಟ್ರಕ್ಟಿನ ಪಾಯಿಂಟರ್ ನಲ್, ಅಂದ್ರೆ ಸೊನ್ನೆ, ಆಗಿರ್ಬೇಕು ಅಂತ ಇಡೀ ದಿನ ಅದನ್ನೇ ಹುಡುಕಿದೆ. ಸಿಗ್ಲಿಲ್ಲ, ಯಾಕಂದ್ರೆ ಇರ್ಲೇ ಇಲ್ಲ.

ಕೊನೆಗೆ ಆಬ್ಜ್‌ಡಂಪ್ ಮಾಡಿ ಕಂಪೈಲ್ ಆದ ಅಸೆಂಬ್ಲಿ ನೋಡಿದಾಗ ಕಂಡಿದ್ದು, ಫಂಕ್ಷನ್ ಶುರುವಲ್ಲೇ ಎಫ್‌ಎಸ್ ಸೆಗ್ಮೆಂಟಿನ 40ನೇ ಬೈಟಿಂದ ಏನೋ ಓದಿ ಸ್ಟ್ಯಾಕಲ್ಲಿಟ್ಟು, ಮುಗಿಯುವಾಗ ಅದನ್ನೇ ಮತ್ತೆ ಓದಿ ಹೋಲಿಸ್ತಿದೆ. ನಾನು ಬರೆದ ಕೋಡಲ್ಲ ಅದು, ಸ್ಟ್ಯಾಕ್ ಪ್ರೊಟೆಕ್ಟರ್, ಸ್ಟ್ಯಾಕ್ ಕೆಟ್ಟಿದೆಯಾ ಅಂತ ಪರೀಕ್ಷಿಸೋಕೆ ಕಂಪೈಲರ್ ಸೇರಿಸೋ ಕಾವಲು. ನನ್ನ ಲಿನಕ್ಸ್ ಡಿಸ್ಟ್ರೋ ಜೊತೆ ಬಂದ ಜಿಸಿಸಿ ಕಂಪೈಲರ್ ಕೇಳದೇನೇ ಅದನ್ನ ಆನ್ ಮಾಡಿಟ್ಟಿತ್ತು, ಆದ್ರೆ ಅದರ ಸ್ಟ್ರಾಂಗ್ ಅನ್ನೋ ಬಗೆ ಎಲ್ಲಾ ಫಂಕ್ಷನ್ನಿಗೂ ಕಾವಲು ಹಾಕಲ್ಲ, ಒಳಗೆ ಲೋಕಲ್ ಅರೇ ಇದ್ರೆ ಅಥವಾ ಲೋಕಲ್ ವೇರಿಯೇಬಲ್ಲಿನ ವಿಳಾಸ ತಗೊಂಡ್ರೆ ಮಾತ್ರ ಹಾಕುತ್ತೆ. ನಾನು ಪ್ರಿಂಟಿಗೆ ಅಂತ 20 ಬೈಟಿನ ಅರೇ ಇಟ್ಟಿದ್ನಲ್ಲ, ಅದಕ್ಕೇ ಈ ಫಂಕ್ಷನ್ನಿಗೆ ಕಾವಲು ಬಿತ್ತು. ಮಾಮೂಲಿ ಪ್ರೋಗ್ರಾಮಲ್ಲಿ ಎಫ್‌ಎಸ್ ಬೇಸನ್ನ (ಆ ಸೆಗ್ಮೆಂಟ್ ಶುರುವಾಗೋ ವಿಳಾಸ) ಸಿ ಲೈಬ್ರರಿ ಲಿಬ್‌ಸಿ ಸೆಟ್ ಮಾಡಿರುತ್ತೆ, ಬೂಟ್ ಹೊತ್ತಲ್ಲಿ ಅದು ಸೊನ್ನೆ. ಫಂಕ್ಷನ್ ಶುರುವಾದಾಗ ಕೆಳಗಿನ ಮೆಮೊರಿಗೆ ಐಡೆಂಟಿಟಿ ಮ್ಯಾಪ್ (ವಿಳಾಸ ಎಷ್ಟೋ ಮೆಮೊರಿಯ ಜಾಗವೂ ಅಷ್ಟೇ) ಇನ್ನೂ ಇತ್ತು, ಹಾಗಾಗಿ ವಿಳಾಸ 40ರಲ್ಲಿದ್ದ ಬಯಾಸ್ ಇಂಟರಪ್ಟ್ ಟೇಬಲ್ಲನ್ನೇ ಓದ್ಕೊಂಡು ಸುಮ್ಮನಾಯ್ತು. ಮಧ್ಯದಲ್ಲಿ ಅದೇ ಫಂಕ್ಷನ್ ಆ ಮ್ಯಾಪನ್ನ ಕಿತ್ತು ಹಾಕುತ್ತೆ, ಕೊನೆಗೆ ಮತ್ತೆ 40 ಓದೋಕೆ ಹೋದ್ರೆ ಅಲ್ಲಿ ಏನೂ ಇಲ್ಲ, ಫಾಲ್ಟ್ ಬಂದ್ರೆ ಎಲ್ಲಿಗೆ ಹೋಗ್ಬೇಕು ಅನ್ನೋ ಪಟ್ಟಿ ಐಡಿಟಿ ಕೂಡ ಇನ್ನೂ ಹಾಕಿಲ್ಲ, ಕಥೆ ಮುಗೀತು. ನನ್ನ ಸಾಲುಗಳಲ್ಲಿ ಒಂದೂ ತಪ್ಪಿಲ್ಲ, ತಪ್ಪಿದ್ದಿದ್ದು ಮೇಕ್‌ಫೈಲಲ್ಲಿ, ಅಂದ್ರೆ ಕಂಪೈಲ್ ಹೇಗೆ ಮಾಡ್ಬೇಕು ಅಂತ ಬರೆದಿಡೋ ಫೈಲಲ್ಲಿ, ಬೂಟ್ ಕೋಡಿಗೆ ಈ ಕಾವಲು ಬೇಡ ಅಂತ ಹೇಳಿರ್ಲಿಲ್ಲ.

ಕಂಪೈಲರ್ ತಲೇಲಿ ಒಂದು ಪ್ರಪಂಚ ಇರುತ್ತೆ ನೋಡಿ: ಸೆಗ್ಮೆಂಟ್ ಸರಿ ಇದೆ, ಎಸ್‌ಎಸ್‌ಇ (ಸಿಪಿಯುನ ವೆಕ್ಟರ್ ಇನ್ಸ್ಟ್ರಕ್ಷನ್ನುಗಳು) ಆನ್ ಆಗಿದೆ, ಬಿಎಸ್‌ಎಸ್ (ಆರಂಭದ ಬೆಲೆ ಕೊಡದ ಗ್ಲೋಬಲ್ ವೇರಿಯೇಬಲ್ಲುಗಳ ಜಾಗ) ಯಾರೋ ಸೊನ್ನೆ ಮಾಡಿದ್ದಾರೆ, ಹೀಗೆ. ಬೂಟ್ ಕೋಡ್ ಓಡುವಾಗ ಇದ್ಯಾವುದೂ ಇರಲ್ಲ, ಇದನ್ನೆಲ್ಲ ಕಟ್ಟೋದೇ ಅದರ ಕೆಲಸ. ಅದಕ್ಕೇ ಲಿನಕ್ಸಲ್ಲಿ ಎಕ್ಸ್86ನ ಬೂಟ್ ಕಂಪ್ರೆಸ್ಡ್ ಫೋಲ್ಡರಿನ ಮೇಕ್‌ಫೈಲ್ ತೆಗೆದು ನೋಡಿ, ಸಿಫ್ಲ್ಯಾಗ್ಸಿಗೆ (ಕಂಪೈಲರಿಗೆ ಕೊಡೋ ಫ್ಲ್ಯಾಗುಗಳ, ಅಂದ್ರೆ ಆಯ್ಕೆಗಳ, ಪಟ್ಟಿ) ಮೊದಲ ಸಾಲಲ್ಲಿ ಪ್ಲಸ್ ಈಕ್ವಲ್ ಇಲ್ಲ, ಕೋಲನ್ ಈಕ್ವಲ್ ಇದೆ. ಅಂದ್ರೆ ಮುಖ್ಯ ಕರ್ನಲ್ಲಿನ ಫ್ಲ್ಯಾಗುಗಳನ್ನ ಪೂರ್ತಿ ಎಸೆದು ಹೊಸದಾಗಿ ಶುರು ಮಾಡ್ತಾರೆ, ಆಮೇಲೆ ಬೇಕಾದ್ದು ಮಾತ್ರ ಸೇರಿಸ್ತಾರೆ: ಫ್ರೀಸ್ಟ್ಯಾಂಡಿಂಗ್ (ಪೂರ್ತಿ ಸಿ ಲೈಬ್ರರಿ ಇದೆ ಅಂದ್ಕೋಬೇಡ ಅಂತ), ಎಂಎಂಎಕ್ಸ್ ಎಸ್‌ಎಸ್‌ಇ ಬೇಡ, ಸ್ಟ್ಯಾಕ್ ಪ್ರೊಟೆಕ್ಟರ್ ಬೇಡ. ನನ್ನ ಪ್ರಕಾರ ಇದೇ ಸರಿಯಾದ ದಾರಿ. ಮೇಲಿಂದ ಬಂದ ಫ್ಲ್ಯಾಗುಗಳಲ್ಲಿ ಬೇಡದ್ದನ್ನ ಒಂದೊಂದಾಗಿ ಕಳೀತಾ ಕೂತ್ರೆ, ನಾಳೆ ಯಾರೋ ಮೇಲೆ ಇನ್ನೊಂದು ಸೇರಿಸಿದಾಗ ಅದು ಸದ್ದಿಲ್ದೆ ಇಲ್ಲಿಗೂ ಇಳಿಯುತ್ತೆ. ಕಳೆಯೋದು ಅನಿವಾರ್ಯ ಇರೋ ಕಡೆ ಫೈಲ್ ಫೈಲಿಗೆ ಮಾಡಿ, ಲಿನಕ್ಸೂ ಶುರುವಲ್ಲೇ ಓಡೋ ಹೆಡ್64 ಫೈಲಿಗೆ ಕೇಸಾನ್ (ತಪ್ಪು ಮೆಮೊರಿ ಬಳಕೆ ಹಿಡಿಯೋದು) ಮತ್ತೆ ಎಫ್‌ಟ್ರೇಸಿನ (ಫಂಕ್ಷನ್ ಕಾಲ್‌ಗಳ ಜಾಡು ಹಿಡಿಯೋದು) ಪಿಜಿ ಫ್ಲ್ಯಾಗ್ ಎರಡನ್ನೂ ಹಾಗೇ ತೆಗೆಯುತ್ತೆ. ಕೇಸಾನಿಗೆ ಪ್ರತಿ 8 ಬೈಟಿಗೆ 1 ಬೈಟ್ ನೆರಳು ಮೆಮೊರಿ ಬೇಕು, ಆ ನೆರಳೇ ಮ್ಯಾಪ್ ಆಗಿರದಿದ್ರೆ ಮೊದಲ ಲೋಡಲ್ಲೇ ಬಿದ್ದ.

ಫ್ರೀಸ್ಟ್ಯಾಂಡಿಂಗ್ ಹಾಕಿದ್ರೆ ಎಲ್ಲಾ ಆಯ್ತು ಅಂದ್ಕೋಬೇಡಿ. ಆಗಲೂ ಜಿಸಿಸಿಗೆ ಮೆಮೊರಿ ತುಂಬೋ, ನಕಲು ಮಾಡೋ, ಹೋಲಿಸೋ ಮೆಮ್‌ಸೆಟ್, ಮೆಮ್‌ಕಾಪಿ, ಮೆಮ್‌ಮೂವ್, ಮೆಮ್‌ಕಂಪ್ ಫಂಕ್ಷನ್ ನಾಲ್ಕೂ ಬೇಕು, ನೀವೇ ಬರೆದು ಕೊಡ್ಬೇಕು. ಅಲ್ಲೊಂದು ತಮಾಷೆ ಇದೆ, ನೀವು ಮೆಮ್‌ಸೆಟ್ ಒಳಗೆ ಸೀದಾಸಾದಾ ಲೂಪ್ ಬರೀತೀರಿ, ಆಪ್ಟಿಮೈಸರ್ ಅದನ್ನ ನೋಡಿ "ಓ ಇದು ಮೆಮ್‌ಸೆಟ್" ಅಂತ ಗುರುತಿಸಿ ಮೆಮ್‌ಸೆಟ್ಟನ್ನೇ ಕಾಲ್ ಮಾಡುತ್ತೆ, ತನ್ನನ್ನ ತಾನೇ ಕರ್ಕೊಂಡು ಸ್ಟ್ಯಾಕ್ ಖಾಲಿ. ಆ ಫೈಲಿಗೆ ಟ್ರೀ ಲೂಪ್ ಡಿಸ್ಟ್ರಿಬ್ಯೂಟ್ ಪ್ಯಾಟರ್ನ್ಸ್ ಆಫ್ ಮಾಡೋ ಫ್ಲ್ಯಾಗ್ ಕೊಡಿ.

ಆರ್ಮ್64 ಪ್ರೊಸೆಸರಲ್ಲಿ ಕಾಟ ಬೇರೆ. ಪೇಜ್ ಟೇಬಲ್ ನೋಡಿ ವಿಳಾಸ ಬದಲಿಸೋ ಎಂಎಂಯು ಆಫ್ ಇದ್ದಾಗ ಇಡೀ ಮೆಮೊರಿ ಡಿವೈಸ್ ಮೆಮೊರಿ ಥರ, ಅಲೈನ್ ಆಗದ (ಬರೆಯೋ ಗಾತ್ರದಿಂದ ಭಾಗ ಹೋಗದ) ವಿಳಾಸಕ್ಕೆ ಬರೆದ್ರೆ ಫಾಲ್ಟು, ಕಂಪೈಲರ್ ಎರಡು 4 ಬೈಟಿನ ಸ್ಟೋರನ್ನ ಸೇರಿಸಿ 8 ಬೈಟಿಂದು ಮಾಡಿ, ವಿಳಾಸ 8ಕ್ಕೆ ಅಲೈನ್ ಆಗಿರದಿದ್ರೆ ಅಲ್ಲೇ ನಿಲ್ಲುತ್ತೆ. ಸ್ಟ್ರಿಕ್ಟ್ ಅಲೈನ್ ಮತ್ತು ಜನರಲ್ ರೆಗ್ಸ್ ಓನ್ಲಿ (ಫ್ಲೋಟಿಂಗ್ ಪಾಯಿಂಟ್, ವೆಕ್ಟರ್ ರಿಜಿಸ್ಟರ್ ಬೇಡ ಅಂತ), ಎರಡು ಫ್ಲ್ಯಾಗೂ ಹಾಕಿ.

ಕಂಪೈಲ್ ಆದ ಫೈಲುಗಳನ್ನ ಜೋಡಿಸೋ ಲಿಂಕರ್ ಕಡೆ ಒಂದೇ ಹೇಳ್ತೀನಿ, ಬಿಲ್ಡ್ ಐಡಿ, ಅಂದ್ರೆ ಪ್ರತಿ ಬಿಲ್ಡಿಗೆ ಗುರುತಾಗಿ ಸೇರಿಸೋ ಒಂದು ಪುಟ್ಟ ನೋಟು. ಲಿಂಕರ್ ಸ್ಕ್ರಿಪ್ಟಲ್ಲಿ ಅದಕ್ಕೆ ಜಾಗ ಹೇಳಿರದಿದ್ರೆ ಲಿಂಕರ್ ತನಗೆ ತೋಚಿದ ಕಡೆ ಇಡುತ್ತೆ, ಅದು ಎಷ್ಟೋ ಸಲ ಎಲ್ಲಕ್ಕಿಂತ ಮುಂದೆ. ಆಬ್ಜ್‌ಕಾಪಿ ಮಾಡಿ ಫ್ಲ್ಯಾಟ್ ಬೈನರಿ (ಹೆಡರ್ ಇಲ್ಲದ ಬರೀ ಬೈಟುಗಳು) ತೆಗೆದ್ರೆ ಮೊದಲ 36 ಬೈಟು ಈ ನೋಟು, ನಿಮ್ಮ ಎಂಟ್ರಿ ಕೋಡ್ ಅದರ ಹಿಂದೆ. ಬೂಟ್‌ಲೋಡರ್ ಮೊದಲ ಬೈಟಿಗೆ ಜಂಪ್ ಮಾಡುತ್ತೆ, ಸಿಪಿಯು 4, 20, 3 ಅನ್ನೋ ಅಂಕಿಗಳನ್ನೂ "ಗ್ನೂ" ಅನ್ನೋ ಹೆಸರನ್ನೂ ಇನ್ಸ್ಟ್ರಕ್ಷನ್ ಅಂದ್ಕೊಂಡು ಓಡಿಸುತ್ತೆ! ಈ ನೋಟನ್ನ ಲಿಂಕರ್ ಸ್ಕ್ರಿಪ್ಟಿನ ಡಿಸ್ಕಾರ್ಡ್ ಸೆಕ್ಷನ್ನಿಗೆ ತಳ್ಳಿ, ಜೊತೆಗೆ ಆರ್ಫನ್ ಹ್ಯಾಂಡ್ಲಿಂಗನ್ನ ಎರರ್ ಅಂತ ಇಟ್ರೆ, ಸ್ಕ್ರಿಪ್ಟಲ್ಲಿ ಜಾಗ ಹೇಳಿರದ ಇಂಥ ಅನಾಥ ಸೆಕ್ಷನ್ ಬಂದಾಗ ಲಿಂಕ್ ಆಗದೇ ನಿಲ್ಲುತ್ತೆ.

ಆ ಪ್ರಿಂಟ್ ಪ್ರಕರಣ ಆದ್ಮೇಲೆ ನಾನು ಮೇಕ್‌ಫೈಲ್ ಕೊನೆಗೆ ಒಂದು ಸಾಲು ಸೇರಿಸಿದ್ದೀನಿ, ಬೂಟ್ ಇಮೇಜಿನ ಡಿಸ್‌ಅಸೆಂಬ್ಲಿಯಲ್ಲಿ ಎಫ್‌ಎಸ್ ಜೊತೆ ಹೆಕ್ಸ್ 28 ಕಂಡ್ರೆ ಬಿಲ್ಡ್ ಫೇಲ್. ಮೊನ್ನೆ ಕಂಪೈಲರ್ ಬದಲಾಯಿಸಿದಾಗ ಅಲ್ಲೇ ನಿಂತಿತು, ನೋಡಿದ್ರೆ ಹೊಸದಾಗಿ ಸೇರಿಸಿದ ಸೀರಿಯಲ್ ಪೋರ್ಟ್ ಫೈಲು ಮುಖ್ಯ ಕರ್ನಲ್ ಫೋಲ್ಡರಿಂದ ಕಂಪೈಲ್ ಆಗಿ ಬರ್ತಿತ್ತು. ಅದನ್ನ ಬೂಟ್ ಫೋಲ್ಡರಿಗೆ ಎತ್ತಿ ಹಾಕಿದೆ, ಹತ್ತು ನಿಮಿಷದ ಕೆಲಸ.