ಒಂದೇ ಮೇಜಿನಲ್ಲಿ ನಗದು, ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್: ಸಣ್ಣ ಸ್ಥಳೀಯ ಸಂಸ್ಥೆಗಳ ಲೆಕ್ಕ ಕಾಯುವ ಕೆಲಸ ನಡೆದುಬಂದ ದಾರಿ

ಹತ್ತು ಸಾವಿರ ಜನರ ಪುರಸಭೆ, ನಾಲ್ಕಾರು ಹಳ್ಳಿಗೆ ನೀರು ಕೊಡುವ ಮಂಡಳಿ, ಒಂದು ಅಗ್ನಿಶಾಮಕ ಠಾಣೆ ನಡೆಸುವ ಸಂಸ್ಥೆ. ಇಂಥ ಕಚೇರಿಗಳಲ್ಲಿ ಹಣಕಾಸು ನೋಡಿಕೊಳ್ಳಲು ಇರುವುದು ಒಬ್ಬರು, ಹೆಚ್ಚೆಂದರೆ ಇಬ್ಬರು. ಶುಲ್ಕ ಕಟ್ಟಿಸಿಕೊಂಡು ರಸೀದಿ ಕೊಡುವವರು, ಅದನ್ನು ನಗದು ಪುಸ್ತಕಕ್ಕೆ ಏರಿಸುವವರು, ಬ್ಯಾಂಕಿಗೆ ಕಟ್ಟಿ ಬರುವವರು, ತಿಂಗಳ ಕೊನೆಗೆ ಸ್ಟೇಟ್‌ಮೆಂಟ್ ಇಟ್ಟುಕೊಂಡು ತಾಳೆ ನೋಡುವವರು ಎಲ್ಲರೂ ಅವರೇ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಿಲ್ಲ. ಸಿಬ್ಬಂದಿ ಇಲ್ಲ, ಅಷ್ಟೆ. ಸುಮಾರು 180 ವರ್ಷಗಳಿಂದ ಸರ್ಕಾರಗಳು ಹೊರಗಿನಿಂದ ಆಡಿಟರನ್ನು ಕಳಿಸಿ ಈ ತೊಂದರೆ ನೀಗಿಸಲು ನೋಡಿವೆ. ಆಡಿಟ್ ಬೇಕೇ ಬೇಕು. ಆದರೆ ತೂತು ಇರುವುದು ಕಚೇರಿಯ ಒಳಗೆ, ಅದೂ ತಿಂಗಳು ತಿಂಗಳ ಕೆಲಸದಲ್ಲಿ.

ಕಥೆ ಇಂಗ್ಲೆಂಡಿನಲ್ಲಿ ಶುರುವಾಗುತ್ತದೆ. 1834ರ ಬಡವರ ಕಾಯ್ದೆ ಸ್ಥಳೀಯ ಆಡಳಿತದ ಅತಿ ಸಣ್ಣ ಘಟಕಗಳಾದ ಪ್ಯಾರಿಷ್‌ಗಳನ್ನು ಒಕ್ಕೂಟಗಳಾಗಿ ಸೇರಿಸಿ, ಬಡವರ ಪರಿಹಾರ ನಡೆಸುವ ಕೆಲಸವನ್ನು ಅವಕ್ಕೆ ಒಪ್ಪಿಸಿತು. ಮೊದಲಿಗೆ ಲೆಕ್ಕ ನೋಡುವವರನ್ನು ನೇಮಿಸುತ್ತಿದ್ದದ್ದು ಆಯಾ ಒಕ್ಕೂಟವೇ. ಯಾರ ಲೆಕ್ಕ ನೋಡಬೇಕೋ ಅವರಿಂದಲೇ ನೇಮಕ! 1844ರ ತಿದ್ದುಪಡಿ ಹಲವು ಒಕ್ಕೂಟಗಳನ್ನು ಒಂದು ಆಡಿಟ್ ಜಿಲ್ಲೆಯಾಗಿ ಮಾಡಿ ಜಿಲ್ಲಾ ಆಡಿಟರ್ ಎಂಬ ಹುದ್ದೆ ತಂದಿತು. ಅವರ ಕೈಯಲ್ಲಿ ಎರಡು ಅಸ್ತ್ರಗಳಿದ್ದವು: ಕಾನೂನಿಗೆ ಹೊರತಾದ ಖರ್ಚನ್ನು ತಳ್ಳಿಹಾಕುವುದು, ಆ ಮೊತ್ತವನ್ನು ಖರ್ಚಿಗೆ ಒಪ್ಪಿಗೆ ಕೊಟ್ಟವರ ಜೇಬಿನಿಂದಲೇ ವಸೂಲಿ ಮಾಡಿಸುವುದು.

ಈ ಸ್ವಂತ ಜೇಬಿನ ಭಯ ಒಂದೂವರೆ ಶತಮಾನ ಕೆಲಸ ಮಾಡಿತು, ಬೇಡದ ಕಡೆಯಲ್ಲೂ ಮಾಡಿತು. ಲಂಡನ್ನಿನ ಒಂದು ಭಾಗದ ಸ್ಥಳೀಯ ಆಡಳಿತವಾದ ಪಾಪ್ಲರ್ ಬರೋ ತನ್ನ ಕೆಲಸಗಾರರಿಗೆ ಗಂಡು ಹೆಣ್ಣೆಂಬ ಭೇದವಿಲ್ಲದೆ ವಾರಕ್ಕೆ 4 ಪೌಂಡ್ ಕನಿಷ್ಠ ಕೂಲಿ ಕೊಟ್ಟಾಗ ಜಿಲ್ಲಾ ಆಡಿಟರ್ ಅದು ಅತಿಯಾಯಿತೆಂದು ತಳ್ಳಿಹಾಕಿದರು. 1925ರಲ್ಲಿ, ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಆಡಿಟರ್ ಪರ ನಿಂತಿತು. ಕಳ್ಳತನ ಹಿಡಿಯಲೆಂದು ಕೊಟ್ಟ ಅಧಿಕಾರ ನೀತಿಯ ಜಗಳಕ್ಕೆ ತಿರುಗಿತ್ತು. ಜೇಬಿನಿಂದ ವಸೂಲಿ ಮಾಡಿಸುವ ಆ ವ್ಯವಸ್ಥೆಯನ್ನು 2000ದ ಸ್ಥಳೀಯ ಆಡಳಿತ ಕಾಯ್ದೆ ಕೈಬಿಟ್ಟಿತು.

ಅಮೆರಿಕದಲ್ಲಿ ಈ ಹೊಣೆ ರಾಜ್ಯಗಳ ಮೇಲೆ ಬಿತ್ತು. ಓಹಾಯೊ 1902ರಲ್ಲಿ, ಇಂಡಿಯಾನಾ 1909ರಲ್ಲಿ ಸ್ಥಳೀಯ ಸಂಸ್ಥೆಗಳಿಗೆಲ್ಲ ಒಂದೇ ನಮೂನೆಯ ಲೆಕ್ಕ ಪದ್ಧತಿ ತಂದು, ರಾಜ್ಯದಿಂದಲೇ ತಪಾಸಣೆಗೆ ಜನ ಕಳಿಸತೊಡಗಿದವು. ಎಲ್ಲ ರಾಜ್ಯಗಳೂ ಹಾಗೆ ಮಾಡಲಿಲ್ಲ. ಬಹಳ ಕಡೆ ಖಾಸಗಿ ಆಡಿಟರನ್ನು ಸಂಸ್ಥೆಯೇ ಗೊತ್ತುಮಾಡಿಕೊಳ್ಳುವ ಪದ್ಧತಿ ಉಳಿಯಿತು. 1984ರಲ್ಲಿ ಫೆಡರಲ್ ಸರ್ಕಾರ ತನ್ನ ಅನುದಾನಗಳಿಗೆಲ್ಲ ಸೇರಿ ಒಂದೇ ಆಡಿಟ್ ಸಾಕೆಂಬ 'ಏಕ ಆಡಿಟ್' ಕಾಯ್ದೆ ತಂದಾಗ, ವರ್ಷಕ್ಕೆ 1 ಲಕ್ಷ ಡಾಲರ್ ಪಡೆದ ಸಂಸ್ಥೆಯೂ ಅದರೊಳಗೆ ಬರುತ್ತಿತ್ತು. ಆ ಮಿತಿ ಮೊದಲು 3 ಲಕ್ಷಕ್ಕೆ, ನಂತರ 5 ಲಕ್ಷಕ್ಕೆ, 7.5 ಲಕ್ಷಕ್ಕೆ ಏರಿ, 2024ರ ಅಕ್ಟೋಬರ್‌ನಿಂದ ಶುರುವಾಗುವ ಲೆಕ್ಕ ವರ್ಷಗಳಿಗೆ 10 ಲಕ್ಷ ಡಾಲರ್ ಆಗಿದೆ. ಆಡಿಟ್ ಶುಲ್ಕ ಸಣ್ಣವರಿಗೆ ಹೊರೆ ಎಂಬ ಕಾರಣ ನಿಜವೇ. ಆದರೆ ಮಿತಿ ಏರಿದಷ್ಟೂ ಕಣ್ಣಿನಿಂದ ಮರೆಯಾಗುವುದು ಚಿಕ್ಕ ಸಂಸ್ಥೆಗಳೇ, ಮತ್ತು ಅವೇ ಸಂಖ್ಯೆಯಲ್ಲಿ ಹೆಚ್ಚು. 2022ರ ಎಣಿಕೆಯಂತೆ ಆ ದೇಶದ ಸುಮಾರು 90 ಸಾವಿರ ಸ್ಥಳೀಯ ಆಡಳಿತಗಳಲ್ಲಿ 39 ಸಾವಿರಕ್ಕೂ ಹೆಚ್ಚು ನೀರು, ಒಳಚರಂಡಿ, ಅಗ್ನಿಶಾಮಕದಂಥ ಒಂದೋ ಎರಡೋ ಕೆಲಸಕ್ಕೆಂದೇ ಇರುವ ವಿಶೇಷ ಜಿಲ್ಲೆಗಳು.

ಆಡಿಟ್ ಇದ್ದೂ ಏನಾಗಬಹುದು ಎಂಬುದಕ್ಕೆ ಇಲಿನಾಯ್ ರಾಜ್ಯದ ಡಿಕ್ಸನ್ ಪಟ್ಟಣವನ್ನು ನೋಡಬೇಕು. ಜನಸಂಖ್ಯೆ ಸುಮಾರು 16 ಸಾವಿರ. ಮೇಯರ್, ಸದಸ್ಯರು ಅರೆಕಾಲಿಕ. 1983ರಿಂದ ಲೆಕ್ಕಾಧಿಕಾರಿಯಾಗಿದ್ದ ರೀಟಾ ಕ್ರಂಡ್‌ವೆಲ್ 1990ರ ಡಿಸೆಂಬರಿನಲ್ಲಿ ನಗರದ ಹೆಸರಿನಲ್ಲೇ ಒಂದು ಬ್ಯಾಂಕ್ ಖಾತೆ ತೆರೆದರು. ಒಳಚರಂಡಿ ಮೀಸಲು ನಿಧಿ ಎಂಬಂತೆ ಕಾಣುವ ಹೆಸರು. ಅದು ಇರುವುದು ಅವರೊಬ್ಬರಿಗೇ ಗೊತ್ತು. ತೆರಿಗೆ ಹಣವನ್ನು ಬೇರೆಬೇರೆ ಖಾತೆಗಳಿಂದ ಬಂಡವಾಳ ಕಾಮಗಾರಿಯ ಖಾತೆಗೆ ಸೇರಿಸುವುದು, ಅಲ್ಲಿಂದ 'ಟ್ರೆಷರರ್' (ಖಜಾಂಚಿ) ಎಂಬ ಹೆಸರಿಗೆ ಚೆಕ್ ಬರೆಯುವುದು, ಆ ಚೆಕ್ಕನ್ನು ಗುಟ್ಟಿನ ಖಾತೆಗೆ ಹಾಕುವುದು. ಕಡತಕ್ಕೆ ರಾಜ್ಯ ಸರ್ಕಾರ ಕಳಿಸಿದಂತೆ ಕಾಣುವ ನಕಲಿ ಬಿಲ್. 2012ರ ತನಕ ಹೋದ ಮೊತ್ತ ಸುಮಾರು 5.37 ಕೋಟಿ ಡಾಲರ್. ನಗರದ ಇಡೀ ವರ್ಷದ ಬಜೆಟ್ 80-90 ಲಕ್ಷ ಡಾಲರ್ ಆಸುಪಾಸಿನಲ್ಲಿದ್ದ ಊರದು. ಹಣವಿಲ್ಲವೆಂದು ರಸ್ತೆ ರಿಪೇರಿ ನಿಂತಿತು, ನೌಕರರ ಸಂಬಳ ಏರಲಿಲ್ಲ. ರಾಜ್ಯದಿಂದ ಬರಬೇಕಾದ ಪಾಲು ತಡವಾಗಿದೆ ಎಂದು ಅವರು ಹೇಳುತ್ತಿದ್ದರು, ಸದಸ್ಯರು ನಂಬುತ್ತಿದ್ದರು.

ಹೊರಬಂದದ್ದು ಆಡಿಟ್‌ನಿಂದಲ್ಲ. 2011ರಲ್ಲಿ ಅವರು ದೀರ್ಘ ರಜೆಯಲ್ಲಿದ್ದಾಗ ಅವರ ಕೆಲಸ ನೋಡಿಕೊಳ್ಳುತ್ತಿದ್ದ ನಗರದ ಗುಮಾಸ್ತೆ ಬ್ಯಾಂಕಿಗೆ ಫೋನ್ ಮಾಡಿ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ಕೇಳಿದರು. ಹಿಂದೆಂದೂ ನೋಡಿರದ ಒಂದು ಖಾತೆ ಅದರೊಳಗಿತ್ತು. ಒಂದೇ ತಿಂಗಳಲ್ಲಿ ಮೂರು ಜಮೆ, ಒಟ್ಟು 7,85,000 ಡಾಲರ್. ಮೇಯರ್ ಸದ್ದಿಲ್ಲದೆ ಎಫ್‌ಬಿಐಗೆ ತಿಳಿಸಿದರು, 2012ರ ಏಪ್ರಿಲ್‌ನಲ್ಲಿ ಬಂಧನವಾಯಿತು, 2013ರ ಫೆಬ್ರವರಿಯಲ್ಲಿ 19 ವರ್ಷ 7 ತಿಂಗಳ ಶಿಕ್ಷೆ. ಆಡಿಟರುಗಳ ಮತ್ತು ಬ್ಯಾಂಕಿನ ಮೇಲೆ ನಗರ ಹೂಡಿದ ದಾವೆ ಸುಮಾರು 4 ಕೋಟಿ ಡಾಲರಿಗೆ ರಾಜಿಯಾಯಿತು.

ಇಲ್ಲಿ ಗಮನಿಸಬೇಕಾದ ಕೊಂಡಿ ಒಂದೇ. ಪುಸ್ತಕದಲ್ಲಿರುವ ಖಾತೆಗಳಿಗೆ ಮಾತ್ರ ಬ್ಯಾಂಕಿನಿಂದ ಖಾತರಿ ಪತ್ರ ತರಿಸಿದರೆ, ಪುಸ್ತಕದಲ್ಲಿಲ್ಲದ ಖಾತೆ ಎಂದಿಗೂ ಕಾಣುವುದಿಲ್ಲ. ಪ್ರಶ್ನೆ 'ಈ ಖಾತೆಯಲ್ಲಿ ಎಷ್ಟಿದೆ' ಎಂದಲ್ಲ, 'ನಮ್ಮ ಸಂಸ್ಥೆಯ ಹೆಸರು ಮತ್ತು ತೆರಿಗೆ ಸಂಖ್ಯೆಯಲ್ಲಿ ನಿಮ್ಮಲ್ಲಿ ಯಾವ್ಯಾವ ಖಾತೆಗಳಿವೆ' ಎಂದಿರಬೇಕು. ವರ್ಷಕ್ಕೊಮ್ಮೆ ಅಧ್ಯಕ್ಷರ ಸಹಿಯಲ್ಲಿ ಪತ್ರ ಹೋಗಬೇಕು, ಉತ್ತರ ಅಧ್ಯಕ್ಷರ ಕೈಗೇ ಬರಬೇಕು.

ಕ್ಯಾಲಿಫೋರ್ನಿಯಾದ ಬೆಲ್ ಪಟ್ಟಣದ್ದು ಬೇರೆ ಬಗೆ. 2010ರಲ್ಲಿ ಪತ್ರಿಕೆಯೊಂದು ಹೊರಗೆಳೆದಂತೆ, ಸುಮಾರು 35 ಸಾವಿರ ಜನರ ಆ ಬಡ ಊರಿನ ಮುಖ್ಯಾಡಳಿತಗಾರನ ವರ್ಷದ ಸಂಬಳ 8 ಲಕ್ಷ ಡಾಲರಿಗೆ ಹತ್ತಿರವಿತ್ತು. ಗುಟ್ಟಿನ ಖಾತೆಯ ಗೊಡವೆಯೇ ಇರಲಿಲ್ಲ, ಸಂಬಳವೇ ದಾರಿ. ನಗದು ಪುಸ್ತಕ ಬ್ಯಾಂಕಿನೊಡನೆ ಚೆನ್ನಾಗಿ ತಾಳೆಯಾದರೂ ಇಂಥದ್ದು ಸಿಗುವುದಿಲ್ಲ. ಇದಕ್ಕೆ ಮದ್ದು ಸಂಬಳಪಟ್ಟಿ ಎಲ್ಲರಿಗೂ ಕಾಣುವಂತಿರುವುದು. ಆ ವರ್ಷವೇ ರಾಜ್ಯ ಸ್ಥಳೀಯ ಸಂಸ್ಥೆಗಳ ಸಂಬಳ ವಿವರವನ್ನು ಅಂತರ್ಜಾಲದಲ್ಲಿ ಹಾಕತೊಡಗಿತು.

ಹಾಗಾದರೆ ಇಬ್ಬರೇ ಇರುವ ಕಚೇರಿಯಲ್ಲಿ ಮಾಡುವುದೇನು? ಒಪ್ಪಿಗೆ, ಹಣದ ವಶ, ಬರಹ, ತಾಳೆ: ಈ ನಾಲ್ಕರಲ್ಲಿ ಕೊನೆಯದನ್ನಾದರೂ ಬೇರೆಯವರಿಗೆ ಕೊಡಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ಮುದ್ರಿತವಾಗಿ ಬಂದರೆ ಲಕೋಟೆ ಒಡೆಯದೆ ಒಬ್ಬ ಚುನಾಯಿತ ಸದಸ್ಯರ ಕೈಗೆ ಹೋಗಬೇಕು. ಆನ್‌ಲೈನ್ ಆದರೆ ಅವರಿಗೆ ನೋಡಲು ಮಾತ್ರ ಅವಕಾಶವಿರುವ ಪ್ರತ್ಯೇಕ ಲಾಗಿನ್ ಇರಬೇಕು. ಲೆಕ್ಕಿಗರು ಮುದ್ರಿಸಿ ಕೊಟ್ಟ ಪ್ರತಿ, ಎಕ್ಸೆಲ್‌ಗೆ ಇಳಿಸಿದ ಪ್ರತಿ ಲೆಕ್ಕಕ್ಕಿಲ್ಲ. ಆ ಸದಸ್ಯರು ಲೆಕ್ಕಶಾಸ್ತ್ರ ಓದಿರಬೇಕಿಲ್ಲ. ಬ್ಯಾಂಕಿನ ಶಿಲ್ಕಿಗೆ ಇನ್ನೂ ಜಮೆಯಾಗದ ಹಣ ಕೂಡಿಸಿ, ಇನ್ನೂ ಪಾವತಿಯಾಗದ ಚೆಕ್ ಕಳೆದರೆ ನಗದು ಪುಸ್ತಕದ ಶಿಲ್ಕು ಬರಬೇಕು. ಬರದಿದ್ದರೆ ವ್ಯತ್ಯಾಸಕ್ಕೆ ಹೆಸರು ಬೇಕು. 'ಹಿಂದಿನ ವ್ಯತ್ಯಾಸ' ಎಂಬ ಸಾಲು ಮೂರು ತಿಂಗಳು ಅದೇ ಮೊತ್ತದಲ್ಲಿ ಮುಂದುವರಿದರೆ ಅಲ್ಲಿಗೇ ನಿಲ್ಲಿಸಿ ಕೇಳಬೇಕು. ಎರಡು ದಿನದ ಹಿಂದೆ ಕಟ್ಟಿದ್ದು 'ಜಮೆಯಾಗದ ಹಣ' ಆಗಬಹುದು, ಇಪ್ಪತ್ತು ದಿನದ ಹಿಂದಿನದು ಆಗುವುದಿಲ್ಲ.

ನಗದು ಕೌಂಟರಿನ ಒಂದು ತಂತ್ರ ಮೊತ್ತದ ತಾಳೆಯಲ್ಲಿ ಸಿಕ್ಕುವುದೇ ಇಲ್ಲ. ಅಂಚೆಯಲ್ಲಿ 12 ಸಾವಿರದ ಚೆಕ್ ಬರುತ್ತದೆ, ರಸೀದಿ ಹಾಕುವುದಿಲ್ಲ. ಆ ದಿನದ ರಸೀದಿಗಳಲ್ಲಿ ನಗದು 18 ಸಾವಿರ, ಚೆಕ್ 10 ಸಾವಿರ, ಒಟ್ಟು 28 ಸಾವಿರ. ಬ್ಯಾಂಕಿಗೆ ಕಟ್ಟುವಾಗ ಆ ಹೊರಗಿನ ಚೆಕ್ ಸೇರಿಸಿ ಅಷ್ಟೇ ನಗದು ತೆಗೆದುಕೊಂಡರೆ ಚಲನ್ನಿನಲ್ಲಿ ನಗದು 6 ಸಾವಿರ, ಚೆಕ್ 22 ಸಾವಿರ. ಒಟ್ಟು ಮತ್ತೆ 28 ಸಾವಿರವೇ! ಒಟ್ಟು ಮಾತ್ರ ನೋಡಿದವರು ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಹಿಡಿಯಬೇಕಾದರೆ ರಸೀದಿಯ ಮೇಲೆ ನಗದೋ ಚೆಕ್ಕೋ ಎಂಬುದನ್ನು ಬರೆಯಲೇಬೇಕು, ಚಲನ್ನಿನ ವಿಂಗಡಣೆಯೊಡನೆ ಹೋಲಿಸಬೇಕು. ಅಂಚೆ ಒಡೆಯುವವರು ಬೇರೆಯಾಗಿದ್ದು, ಬಂದ ಚೆಕ್ಕುಗಳ ಪಟ್ಟಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ರದ್ದಾದ ರಸೀದಿಗಳ ಎಲ್ಲ ಪ್ರತಿಗಳೂ ಪುಸ್ತಕದಲ್ಲೇ ಉಳಿಯಬೇಕು. ನೀರಿನ ಬಿಲ್ ಬಾಕಿಯನ್ನು ಮನ್ನಾ ಮಾಡಿದ, ತಿದ್ದಿದ ನಮೂದುಗಳ ಪಟ್ಟಿ ಪ್ರತಿ ಸಭೆಗೆ ಬರಬೇಕು, ಏಕೆಂದರೆ ಕಟ್ಟಿಸಿಕೊಂಡ ಹಣ ಮುಚ್ಚಿಹಾಕಲು ಅತಿ ಸುಲಭದ ಜಾಗ ಅದು. ಲೆಕ್ಕದವರು ವರ್ಷಕ್ಕೊಮ್ಮೆ ಸತತವಾಗಿ ಒಂದೆರಡು ವಾರ ರಜೆ ಹೋಗಬೇಕು, ಆಗ ಅವರ ಕೆಲಸವನ್ನು ಬೇರೊಬ್ಬರು ನಿಜಕ್ಕೂ ಮಾಡಬೇಕು.

ಭಾರತದಲ್ಲಿ ಇನ್ನೊಂದು ದಾರಿ ತೆರೆಯಿತು. 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ಪಂಚಾಯತಿಗಳ ಲೆಕ್ಕ ಮತ್ತು ಆಡಿಟ್ ಹೇಗಿರಬೇಕೆಂಬುದನ್ನು ಸಂವಿಧಾನದ 243ಜೆ ವಿಧಿ ರಾಜ್ಯಗಳ ಕಾನೂನಿಗೆ ಬಿಟ್ಟಿತು. ಮರುವರ್ಷದ ಡಿಸೆಂಬರಿನಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾಣಾದಲ್ಲಿ ಕೂಲಿಕಾರರ ಮತ್ತು ರೈತರ ಸಂಘಟನೆಯಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಮೊದಲ ಜನಸುನವಾಯಿ, ಅಂದರೆ ಊರಿನವರೆದುರಿನ ವಿಚಾರಣೆ, ನಡೆಸಿತು. ಕಾಮಗಾರಿಯ ಹಾಜರಿ ಪಟ್ಟಿ, ಬಿಲ್ಲುಗಳನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಿದರು. ಆಡಿಟರಿಗೆ ಹೆಬ್ಬೆಟ್ಟಿನ ಗುರುತು ಒಂದು ವೋಚರ್ ಅಷ್ಟೆ. ಆ ಹೆಬ್ಬೆಟ್ಟಿನವರು ಕೆಲಸಕ್ಕೆ ಬಂದಿದ್ದರೋ ಇಲ್ಲವೋ ಎಂಬುದು ಊರಿಗೆ ಗೊತ್ತು. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಕಲಂ ಗ್ರಾಮಸಭೆಯ ಸಾಮಾಜಿಕ ಪರಿಶೋಧನೆಯನ್ನು ಕಾನೂನಾಗಿಸಿತು. 2011ರ ನಿಯಮಗಳು ಅದು ಆರು ತಿಂಗಳಿಗೊಮ್ಮೆ ಆಗಬೇಕು, ಕಾಮಗಾರಿ ಮಾಡಿಸುವವರಿಂದ ಸ್ವತಂತ್ರವಾದ ಘಟಕ ಅದನ್ನು ನಡೆಸಿಕೊಡಬೇಕು ಎಂದವು. ದುರ್ಬಳಕೆ ಬಯಲಾದಷ್ಟು ಹಣ ವಸೂಲಿಯಾಗಲಿಲ್ಲ ಎಂಬುದೇ ಇಲ್ಲಿನ ದೊಡ್ಡ ಕೊರತೆ.

ಆನ್‌ಲೈನ್ ಪಾವತಿ ಹಳೆಯ ತೂತನ್ನೇ ಹೊಸ ರೂಪದಲ್ಲಿ ತಂದಿದೆ. ಇಂಗ್ಲೆಂಡಿನ ಪ್ಯಾರಿಷ್ ಕೌನ್ಸಿಲ್‌ಗಳ ಪಾವತಿಗೆ ಇಬ್ಬರು ಸದಸ್ಯರ ಸಹಿ ಬೇಕೆಂಬ 1972ರ ನಿಯಮವನ್ನು 2014ರಲ್ಲಿ ತೆಗೆದರು, ಇಂಟರ್ನೆಟ್ ಬ್ಯಾಂಕಿಂಗ್‌ಗೆ ಅನುಕೂಲವಾಗಲೆಂದು. ಒಬ್ಬರು ಪಾವತಿ ತಯಾರಿಸಿ ಇನ್ನೊಬ್ಬರು ಬಿಡುಗಡೆ ಮಾಡುವ ವ್ಯವಸ್ಥೆಯನ್ನು ಬ್ಯಾಂಕ್ ಕೊಡುತ್ತದೆ. ಆದರೆ ಎರಡೂ ಪಾಸ್‌ವರ್ಡ್ ಒಂದೇ ಡೈರಿಯಲ್ಲಿದ್ದರೆ, ಅಧ್ಯಕ್ಷರ ಡಿಜಿಟಲ್ ಸಹಿಯ ಕೀ ಗುಮಾಸ್ತರ ಡ್ರಾಯರಿನಲ್ಲಿದ್ದರೆ, ಒಟಿಪಿ ಎರಡಕ್ಕೂ ಒಂದೇ ಫೋನಿಗೆ ಬರುತ್ತಿದ್ದರೆ ಇಬ್ಬರು ಇಲ್ಲ, ಒಬ್ಬರೇ.

ಹೊರಗಿನ ಕಣ್ಣೂ ಮಂಜಾಗುತ್ತಿದೆ. ಇಂಗ್ಲೆಂಡಿನಲ್ಲಿ 1983ರಿಂದ ಸ್ಥಳೀಯ ಆಡಿಟ್ ನಡೆಸುತ್ತಿದ್ದ ಆಡಿಟ್ ಕಮಿಷನ್ 2015ರಲ್ಲಿ ಮುಚ್ಚಿತು. 2022-23ರ ಲೆಕ್ಕಗಳಲ್ಲಿ ನಿಗದಿತ ದಿನದೊಳಗೆ ಆಡಿಟ್ ಮುಗಿದದ್ದು ಶೇ. 1ರಷ್ಟು. ಇದು ದೊಡ್ಡ ಕೌನ್ಸಿಲ್‌ಗಳ ಪಾಡು. 2014ರ ಕಾಯ್ದೆ ವರ್ಷದ ಆದಾಯವೂ ಖರ್ಚೂ 65 ಲಕ್ಷ ಪೌಂಡ್ ಮೀರದ ಸಂಸ್ಥೆಗಳಿಗೆ ಹಗುರ ಪರಿಶೀಲನೆ ಇಟ್ಟಿತು. 25 ಸಾವಿರ ಪೌಂಡ್ ಮೀರದವು ಬಹುಪಾಲು ಅದರಿಂದಲೂ ವಿನಾಯಿತಿ ಘೋಷಿಸಿಕೊಳ್ಳಬಹುದು. ಅಲ್ಲಿ ಉಳಿಯುವುದು ಒಳ ಆಡಿಟರ್ ಮತ್ತು ನಾಗರಿಕರ ಪರಿಶೀಲನಾ ಹಕ್ಕು: ವರ್ಷಕ್ಕೆ 30 ಕೆಲಸದ ದಿನ, ಜುಲೈನ ಮೊದಲ ಹತ್ತು ಕೆಲಸದ ದಿನ ಸೇರಿ, ಸಂಬಂಧಪಟ್ಟ ಯಾರಾದರೂ ಪುಸ್ತಕ, ಬಿಲ್, ವೋಚರ್ ಕೇಳಿ ನೋಡಬಹುದು. ಆ ಅವಕಾಶ ಬಳಸುವವರು ಮೊದಲು ಕೇಳಬೇಕಾದದ್ದು ವಾರ್ಷಿಕ ವರದಿಯಲ್ಲ. ಮಾರ್ಚ್ ತಿಂಗಳ ತಾಳೆಪಟ್ಟಿ, ಅದರ ಜೊತೆಗಿನ ಅಸಲು ಸ್ಟೇಟ್‌ಮೆಂಟ್, ಆಮೇಲೆ ಏಪ್ರಿಲ್ ತಿಂಗಳ ಸ್ಟೇಟ್‌ಮೆಂಟ್. ಮಾರ್ಚ್‌ನಲ್ಲಿ 'ಜಮೆಯಾಗದ ಹಣ' ಎಂದು ತೋರಿಸಿದ ಪ್ರತಿ ಮೊತ್ತವೂ ಏಪ್ರಿಲ್‌ನ ಮೊದಲ ವಾರದಲ್ಲಿ ಬ್ಯಾಂಕಿಗೆ ಬಂದಿದೆಯೇ ಎಂದು ಬೆರಳಿಟ್ಟು ನೋಡಲು ಅರ್ಧ ಗಂಟೆ ಸಾಕು.