ಕಣ್ಣಿನ ದುರ್ಮಾಂಸ ತೆಗೆಸಿದರೆ ಮತ್ತೆ ಬೆಳೆಯುತ್ತದಾ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ತಂದೆಗೆ 58 ವರ್ಷ. ಮೂಗಿನ ಕಡೆಯಿಂದ ಕಣ್ಣಿನ ಕಪ್ಪಿನ ಮೇಲೆ ಮಾಂಸ ಬೆಳೆದಿದೆ. ‘ತೆಗೆಸಿ ಪ್ರಯೋಜನ ಇಲ್ಲ, ಪುನಃ ಬರ್ತದೆ’ ಅನ್ನುತ್ತಾರೆ ನೆರೆಮನೆಯವರು. ಹೌದಾ?

ನೆರೆಮನೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಅದು ಹಳೆಯ ಆಪರೇಷನ್ನಿನ ಮಾತು. ಆಗ ಮಾಂಸ ಬಿಡಿಸಿ, ಆ ಜಾಗವನ್ನು ಬರಿದಾಗಿ ಬಿಡುತ್ತಿದ್ದರು. ಬೋಳು ನೆಲ ಸಿಕ್ಕರೆ ಕಳೆ ಸುಮ್ನಿರುತ್ತದಾ? ಎಷ್ಟೋ ಜನರಿಗೆ ಮತ್ತೆ ಬೆಳೆಯುತ್ತಿತ್ತು, ಕೆಲವರಿಗೆ ಮೊದಲಿಗಿಂತ ಜೋರಾಗಿ.

ಈಗ ಆ ಜಾಗಕ್ಕೆ ತೇಪೆ ಹಾಕುತ್ತಾರೆ. ಸಾಮಾನ್ಯವಾಗಿ ಅದೇ ಕಣ್ಣಿನ ಮೇಲಿನ ರೆಪ್ಪೆಯಡಿ, ಬಿಸಿಲು ತಾಗದ ಕಡೆಯಿಂದ ತೆಳ್ಳಗಿನ ಪದರ ಎತ್ತಿ, ನವಿರಾದ ಹೊಲಿಗೆಯಿಂದಲೋ ಫೈಬ್ರಿನ್ ಅಂಟಿನಿಂದಲೋ ಕೂರಿಸುತ್ತಾರೆ. ಪಳಗಿದ ಕೈಯಾದರೆ ಮರಳಿ ಬರುವುದು ಸಾಮಾನ್ಯವಾಗಿ 100ರಲ್ಲಿ 10 ಜನಕ್ಕಿಂತ ಕಡಿಮೆ. ಹಾಗಾಗಿ ಡಾಕ್ಟರರ ಹತ್ತಿರ ಮೊದಲು ಕೇಳಬೇಕಾದ್ದು ಇದು: ‘ತೇಪೆ ಹಾಕ್ತೀರಾ?’ ಕಣ್ಣು ಮರಗಟ್ಟಿಸುವ ಮದ್ದು ಕೊಟ್ಟು ಮಾಡುವ ಕೆಲಸ, ಹೆಚ್ಚಾಗಿ ಅದೇ ದಿನ ಮನೆಗೆ ಬರಬಹುದು.

ಈ ದುರ್ಮಾಂಸಕ್ಕೆ ಟೆರಿಜಿಯಂ ಎಂದು ಹೆಸರು. ಸುಶ್ರುತ ಇದನ್ನೇ ‘ಅರ್ಮ’ ಎಂದು ಕರೆದು, ಕತ್ತರಿಸುವ ಬಗೆಯನ್ನೂ ಹೇಳಿದ್ದಾನೆ. ಪೊರೆ ಬೇರೆ, ಅದು ಕಣ್ಣಿನ ಒಳಗಿನ ಮಸೂರ ಮಬ್ಬಾಗುವುದು. ಇದು ಕ್ಯಾನ್ಸರ್ ಅಲ್ಲ. ಆದರೆ ಅಪರೂಪಕ್ಕೆ ಕ್ಯಾನ್ಸರ್ ಕೂಡ ಇದೇ ವೇಷದಲ್ಲಿ ಇರುತ್ತದೆ. ಅದಕ್ಕೇ ತೆಗೆದ ಚೂರನ್ನು ಲ್ಯಾಬಿಗೆ ಕಳಿಸಿದರೆ ಒಳ್ಳೆಯದು.

ಹಾಗಂತ ಎಲ್ಲರೂ ತೆಗೆಸಬೇಕಾಗಿಲ್ಲ. ಸಣ್ಣದಿದ್ದು ಉರಿ ಮಾತ್ರ ಇದ್ದರೆ ಕಣ್ಣಿನ ಡ್ರಾಪ್ಸ್ ಸಾಕು. ಪಾಪೆಯತ್ತ ಸರಿಯುತ್ತಿದ್ದರೆ, ದೃಷ್ಟಿ ಮಸುಕಾಗಿದ್ದರೆ ಕಾಯಬೇಡಿ. ನಂದಿಬಟ್ಟಲಿನ ರಸ ಹಿಂಡಿದರೆ ಕರಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ.

ಆಪರೇಷನ್ ಆದ ಮೇಲೆ ಕೆಲವು ವಾರ ಸ್ಟೆರಾಯ್ಡ್ ಡ್ರಾಪ್ಸ್ ಬಿಡಬೇಕು. ಅದರಿಂದ ಕಣ್ಣಿನ ಒತ್ತಡ ಏರಬಹುದು, ಆದ್ದರಿಂದ ಹೇಳಿದ ದಿನ ತಪ್ಪದೆ ತೋರಿಸಿ. ಮತ್ತೆ ಬರುವುದಿದ್ದರೆ ಹೆಚ್ಚಾಗಿ ಮೊದಲ ವರ್ಷದೊಳಗೇ ಬರುತ್ತದೆ. ಇನ್ನು ಬಿಸಿಲು, ಗಾಳಿ, ಧೂಳು. ಇದು ಬೆಳೆಯಲು ಮುಖ್ಯ ಕಾರಣ ಬಿಸಿಲಿನ ಅತಿನೇರಳೆ ಕಿರಣ. ಅಂಗಳದಲ್ಲಿ ಅಡಿಕೆ ಹರಡುವಾಗ ತಂದೆಯವರು ಮುಟ್ಟಾಳೆ ಇಡುತ್ತಾರಲ್ವಾ? ಅದು ತಲೆಗೆ ಸರಿ, ಅಂಚಿಲ್ಲದ್ದರಿಂದ ಕಣ್ಣಿಗೆ ನೆರಳಿಲ್ಲ. ಅಗಲ ಅಂಚಿನ ಟೋಪಿ, ಪಕ್ಕದಿಂದಲೂ ಬಿಸಿಲು ತಡೆಯುವ ಕೂಲಿಂಗ್ ಗ್ಲಾಸ್ ತಂದುಕೊಡಿ. ನೆರೆಮನೆಯವರು ಸ್ವಲ್ಪ ತಮಾಷೆ ಮಾಡಬಹುದು, ಅಷ್ಟೇ.